ಬೋಗುಣಿಯ ತಿಳಿನೀರು

ಪವಿತ್ರ ಗುರುವಾರದ ಸಂಜೆ ಸಾಗರದ ನಮ್ಮ ಕ್ರೈಸ್ತ ದೇವಾಲಯದಲ್ಲಿ ಹನ್ನೆರಡು ಮಂದಿ ಶಿಷ್ಯರ ಸ್ಥಾನದಲ್ಲಿ ಕೂರುವವರ ಪೈಕಿ ನಾನೂ ಬಹುಕಾಲ ಒಬ್ಬನಾಗಿದ್ದೆ. ಶಿಲುಬೆಗೇರುವ ಹಿಂದಿನ ರಾತ್ರಿ ಶಿಷ್ಯರ ಪಾದಗಳನ್ನು, ತನ್ನನ್ನು ಹಿಡಿದುಕೊಡಲಿದ್ದವನ ಪಾದವನ್ನೂ ಬಿಡದೆ ತೊಳೆದ ಸ್ವಾಮಿಯ ಸ್ಮರಣೆಗಾಗಿ ಗುರುಗಳು ಅಂದು ಮೊಣಕಾಲೂರಿ, ಬೋಗುಣಿಯಿಟ್ಟು ನಮ್ಮ ಪಾದ ತೊಳೆಯುತ್ತಾರೆ.

ಆದರೆ ಅದಕ್ಕೂ ಮೊದಲು ಶಿಷ್ಯರೆಲ್ಲ ದೇವಾಲಯದ ಹಿಂದಿನ ನಲ್ಲಿಯ ಬಳಿ ಸೇರಿ, ಪ್ಯಾಂಟು ಮಡಚಿ, ಸೋಪು ಹಚ್ಚಿ ಕಾಲು ಉಜ್ಜಿಕೊಳ್ಳುತ್ತಾರೆ. ಕೆಲವರು ಕೊಬ್ಬರಿ ಎಣ್ಣೆಯನ್ನೂ ಸವರುತ್ತಾರೆ. ತೊಳೆಸಿಕೊಳ್ಳಬೇಕಾದವರು ತೊಳೆದುಕೊಂಡೇ ಹೋಗುವ ಈ ಪದ್ಧತಿಯನ್ನು ಕಂಡಾಗಲೆಲ್ಲ ನನಗೆ ಹೇಸಿಗೆಯಾಗುತ್ತಿತ್ತು.

ಹೋದ ವರ್ಷ ಹೊಸನಗರದ ಕಡೆಯ ಕ್ವಾರಿಯಲ್ಲಿ ಕೆಂಪು ಚಿರೆಕಲ್ಲು ಕಡಿಯುವವರೊಬ್ಬರನ್ನು ಗುರುಗಳು ಮೊದಲ ಬಾರಿಗೆ ಆರಿಸಿದ್ದರು. ಗಂಡನ ಪಾದ ತೊಳೆಯುವುದನ್ನು ನೋಡಲೆಂದೇ ಆತನ ಹೆಂಡತಿ ಒಳ್ಳೆಯ ಸೀರೆಯುಟ್ಟು ಮುಂದಿನ ಬೆಂಚಿನಲ್ಲಿ ಕೂತಿದ್ದರು. ಆತ ಕೆಲಸದಿಂದ ನೇರವಾಗಿ ಬಂದರು. ಅಂಗಿ ಬದಲಾಗಿತ್ತು; ಹಿಮ್ಮಡಿಯ ಬಿರುಕುಗಳಲ್ಲಿ ಕೆಂಪು ಮಣ್ಣು ಹಾಗೆಯೇ ಇತ್ತು. ಏರ್ಪಾಟು ನೋಡಿಕೊಳ್ಳುತ್ತಿದ್ದ ಹಿರಿಯರು ಬಾಗಿಲಲ್ಲೇ ತಡೆದರು.

“ಎಂತ ಮಾರಾಯಾ, ಕ್ವಾರೀನೇ ಕಾಲಿಗೆ ಕಟ್ಕೊಂಡ್ ಬಂದ್ಯಾ?”

“ಬಸ್ ಲೇಟಾಯ್ತು ಅಣ್ಣ. ಒಂದ್ ಚೊಂಬು ನೀರು ಹಾಕ್ಕೊಂಡ್ ಬರ್ತೀನಿ.”

“ಚೊಂಬು ನೀರಿಗೆ ಹೋಗೋ ಮಣ್ಣಾ ಅದು? ಬಿಳೀ ಟವೆಲ್ಲು ಹಾಳಾಗುತ್ತೆ, ಲೈವ್ ಬೇರೆ ಹೋಗ್ತಿದೆ. ಮುಂದಿನ ವರ್ಷ ನೋಡಣ.”

ನನಗೆ ತಡೆಯಲಾಗಲಿಲ್ಲ. “ಕೊಳೆ ಕಾಲಿಗಲ್ಲದೆ ಇನ್ಯಾತಕ್ರೀ ತೊಳೆಯೋದು?”

“ಉಪದೇಶ ಆಮೇಲೆ ಮೇಷ್ಟ್ರೇ, ಗಂಟೆ ಹೊಡೀತಿದೆ.”

“ಹಾಗಾದ್ರೆ ನನ್ನ ಕುರ್ಚೀನೂ ಖಾಲಿ.”

ಆತನ ಜೊತೆ ಹಿಂದಿನ ಬೆಂಚಿಗೆ ಹೋದೆ. ಯಾರಾದರೂ ನಾಚಿಯಾರೆಂದು ಎಣಿಸಿದ್ದೆ. ಗಂಟೆಯ ಸದ್ದು ನಿಲ್ಲುವ ಮೊದಲೇ ಎರಡೂ ಕುರ್ಚಿಗಳು ತುಂಬಿದ್ದವು. ಗುರುಗಳು ತಲೆಯೆತ್ತಿ ಕಣ್ಣಲ್ಲೇ ಆತನನ್ನು ಹುಡುಕಿದರು. ಬಳಿಕ ಕ್ಯಾಮೆರಾದತ್ತ ನೋಡಿ, ಮಿರುಗುವ ಪಾದಗಳಿಗೆ ಬಾಗಿದರು. ಮುಂದಿನ ಬೆಂಚಿನಲ್ಲಿ ಆ ಹೆಣ್ಣುಮಗಳು ಸೆರಗನ್ನು ಹಣೆಯವರೆಗೆ ಎಳೆದುಕೊಂಡರು.

ಪೂಜೆ ಮುಗಿದ ಮೇಲೆ ಶಿಷ್ಯರು ಗುರುಗಳ ಜೊತೆ ಫೋಟೊ ತೆಗೆಸಿಕೊಳ್ಳುತ್ತಿದ್ದಾಗ ಅದೇ ಹಿರಿಯರು ಹಿಂದಿನ ಬೆಂಚಿನಲ್ಲಿದ್ದ ಆತನನ್ನು ಕೂಗಿದರು: “ಏಯ್, ಆ ಬೋಗುಣಿ ನೀರು ಹೊರಗೆ ಚೆಲ್ಲಿ ಬಾ ಮಾರಾಯಾ. ನಮ್ದೆಲ್ಲ ಬಿಳೀ ಬಟ್ಟೆ.”

ಆತ ಬಂದು ಬೋಗುಣಿ ಎತ್ತಿಕೊಂಡರು. ಹನ್ನೆರಡು ಜನರ ಪಾದ ತೊಳೆದ ನೀರು ಬಾವಿಯಿಂದ ಆಗಷ್ಟೇ ಸೇದಿದಂತೆ ತಿಳಿಯಾಗಿತ್ತು. ಆತ ಹೊರಗೆ ಗೋಡೆಯ ಬದಿಗೆ ಹೋಗಿ, ಅದರಲ್ಲಿ ಬೆರಳದ್ದಿ ಹಣೆಗೆ ಶಿಲುಬೆಯ ಗುರುತು ಹಾಕಿಕೊಂಡರು.

ಹಿಂದೆಯೇ ಬಂದಿದ್ದ ಹೆಂಡತಿ ಸಿಡುಕಿದರು. “ಅವರ ಕಾಲಿನ ನೀರು ನಿಮ್ಮ ಹಣೆಗ್ಯಾಕ್ರೀ?”

“ಕಾಲು ಅವರದ್ದಿರಬೌದು ಕಣೇ. ನೀರು ಸ್ವಾಮಿದು.”

ಆಕೆ ಬೋಗುಣಿಯನ್ನು ಕಿತ್ತುಕೊಂಡರು. “ಹಂಗಾದ್ರೆ ಕಾಲು ಚಾಚಿ.”

ಒಳ್ಳೆಯ ಸೀರೆಯ ನೆರಿಗೆ ನೆಲಕ್ಕೆ ತಾಗುವುದನ್ನೂ ಲೆಕ್ಕಿಸದೆ ಕುಕ್ಕರುಗಾಲಲ್ಲಿ ಕೂತು, ಗಂಡನ ಬಿರುಕುಬಿಟ್ಟ ಹಿಮ್ಮಡಿಗೆ ನೀರು ಹೊಯ್ದು ಬೆರಳಿನಿಂದ ತಿಕ್ಕಿದರು. ಬೋಗುಣಿಯ ನೀರು ಆ ಸಂಜೆ ಮೊದಲ ಬಾರಿಗೆ ಕೆಂಪಾಗಿ ಹರಿಯಿತು.