ಮುನಿತಾಯಮ್ಮನ ಅವಸರದ ಕಲ್ಲು

ಇಪ್ಪತ್ತಮೂರು ಮಕ್ಕಳನ್ನು ಒಂದು ಶೆಡ್ಡಿನಲ್ಲಿ ಸಂಭಾಳಿಸುವ ಹೆಂಗಸಿಗೆ ಪುರುಸೊತ್ತು ಎಲ್ಲಿಂದ ಬರಬೇಕು? ಗೋವಿಂದರಾಜನಗರದ ಮುನಿತಾಯಮ್ಮನವರಿಗೆ ಅದು ಯಾವತ್ತೂ ಇರಲಿಲ್ಲ. ಊದುಬತ್ತಿ ಹೊಸೆಯಲು, ಮನೆಗೆಲಸಕ್ಕೆ ಹೋಗುವ ತಾಯಂದಿರು ಬೆಳಿಗ್ಗೆ ಮಕ್ಕಳನ್ನು ತಂದು ಬಿಟ್ಟರೆ ಮತ್ತೆ ಬರುವುದು ಸಂಜೆಗೇ. ಆದರೆ ಎಂಬತ್ತನಾಲ್ಕರ ಮೇ ತಿಂಗಳ ಚಡಪಡಿಕೆಯೇ ಬೇರೆ. ಆಲಿಕಲ್ಲು ಮಳೆಗೆ ಶೆಡ್ಡಿನ ಶೀಟುಗಳು ಒಡೆದು ತೂತಾಗಿದ್ದವು. ಮಳೆಗಾಲದೊಳಗೆ ಹೊಸ ಶೀಟು ಹಾಕಿಸದಿದ್ದರೆ ಮಕ್ಕಳನ್ನು ಕಳಿಸುವುದಿಲ್ಲ ಎಂದು ತಾಯಂದಿರು ಹೇಳಿಬಿಟ್ಟಿದ್ದರು. ಕಳಿಸದಿದ್ದರೆ ಆ ಕೂಸುಗಳನ್ನು ಮನೆಯೊಳಗೆ ಬಿಟ್ಟು ಬೀಗ ಹಾಕಿಕೊಂಡು ಹೋಗಬೇಕು. ಹಾಗೆ ಬೀಗ ಹಾಕಿದ ಮನೆಯಲ್ಲಿ ಸೀಮೆಎಣ್ಣೆ ಸ್ಟೌ ಉರುಳಿ ಒಂದು ಮಗು ಸುಟ್ಟುಕೊಂಡದ್ದನ್ನು ಕಂಡೇ ಮುನಿತಾಯಮ್ಮ ಈ ಕೆಲಸಕ್ಕೆ ಇಳಿದದ್ದು.

ಪಕ್ಕದ ಮನೆಯ ಟೈಪಿಸ್ಟ್ ಪ್ರಭಾ ಒಂದು ದಾರಿ ಹೇಳಿದಳು. ದಾವಣಗೆರೆ ಕಡೆಯ ಅಕ್ಕಿ ವ್ಯಾಪಾರಿ ಕರಿಬಸಪ್ಪನವರದು ಬಸವೇಶ್ವರನಗರದಲ್ಲಿ ಮನೆ. ಅವರ ಮನೆತನದವರೇ ನಡೆಸುವ ಬಸವರಾಜೇಶ್ವರಿ ಟ್ರಸ್ಟ್ ಗೋವಿಂದರಾಜನಗರವೂ ಸೇರಿ ಸುತ್ತಲಿನ ನಾಲ್ಕು ಬಡಾವಣೆಗಳಿಗೆ ಮಾತ್ರ ಸಹಾಯ ಮಾಡುತ್ತದಂತೆ. ಪ್ರಭಾ ಅರ್ಜಿ ಟೈಪು ಮಾಡಿಕೊಟ್ಟಳು. ಕರಿಬಸಪ್ಪನವರು ಓದಿ, ಒಂದಿನ ಬಂದು ನೋಡುತ್ತೇವೆ ಎಂದಷ್ಟೇ ಹೇಳಿದರು.

ಆ ಒಂದಿನ ಯಾವತ್ತು? ಮುನಿತಾಯಮ್ಮ ಮತ್ತೆರಡು ಸಲ ಆ ಮನೆಗೆ ಎಡತಾಕಿದರು. ಹೋದಾಗಲೆಲ್ಲ ನಡುಮನೆಯ ಬೆಂಚಿನ ಮೇಲೆ ಕಾಯಬೇಕಾಯಿತು. ಎದುರಿಗೆ ಗೋಡೆಯ ಮೇಲೆ ವಿಭೂತಿ ಧರಿಸಿದ ಅಜ್ಜಿಯ ದೊಡ್ಡ ಫೋಟೋ, ಅದಕ್ಕೊಂದು ಗಂಧದ ಹಾರ, ಕೆಳಗೆ ಬಸವರಾಜೇಶ್ವರಿ ಎಂಬ ಹೆಸರು. ಕರಿಬಸಪ್ಪನವರ ತಾಯಿ ಇರಬೇಕು, ಪುಣ್ಯಾತ್ಗಿತ್ತಿ ಎಂದು ಅವರು ಕೈಮುಗಿದರು. ಇನ್ನು ಕಾಯುವುದು ಅವರಿಂದಾಗಲಿಲ್ಲ. ಬ್ಯಾಡರಹಳ್ಳಿಯ ಕಲ್ಲುಕುಟಿಗ ಉಗ್ರಪ್ಪನ ಬಳಿಗೆ ಓಡಿ, ‘ದಿವಂಗತ ಬಸವರಾಜೇಶ್ವರಿಯವರ ಸ್ಮರಣಾರ್ಥ’ ಎಂದು ಕಡಪಾ ಕಲ್ಲಿನ ಮೇಲೆ ಕೆತ್ತಿಸಿಯೇಬಿಟ್ಟರು. ದಾನಿಗಳಿಗೆ ತಾಯಿಯ ಹೆಸರು ಕಲ್ಲಿನ ಮೇಲೆ ಕಂಡರೆ ಮನಸ್ಸು ಕರಗೀತು ಎಂಬ ಲೆಕ್ಕ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದಿರಲ್ಲ ಎಂದು ಪ್ರಭಾ ನಕ್ಕಳು. ಮುನಿತಾಯಮ್ಮ ಕಿವಿಗೆ ಹಾಕಿಕೊಳ್ಳಲಿಲ್ಲ.

ಶುಕ್ರವಾರ ಮಧ್ಯಾಹ್ನ, ಮಕ್ಕಳು ಉಂಡು ಮಲಗಿದ ಹೊತ್ತಿಗೆ, ಕಾರು ಬಂತು. ಕರಿಬಸಪ್ಪನವರ ಜೊತೆ ಕೋಲೂರಿಕೊಂಡು ಒಬ್ಬ ಮುದುಕಿ ಇಳಿದರು. ಕಾಯಿಲೆಗೆ ಸೊರಗಿ ಮುಖದಲ್ಲಿ ಬರೀ ಮೂಳೆ ಉಳಿದಿತ್ತು. ಯಾರೋ ನೆಂಟರಿರಬೇಕು ಎಂದುಕೊಂಡ ಮುನಿತಾಯಮ್ಮ ಇಬ್ಬರಿಗೂ ಮಜ್ಜಿಗೆ ಕೊಟ್ಟರು. ಆಮೇಲೆ ಗೋಡೆಗೊರಗಿಸಿದ್ದ ಕಲ್ಲಿನ ಮೇಲಿನ ಬಟ್ಟೆಯನ್ನು ಹೆಮ್ಮೆಯಿಂದ ತೆಗೆದರು.

ಕರಿಬಸಪ್ಪನವರ ಮುಖ ಕಪ್ಪಿಟ್ಟಿತು.

“ಏನ್ರೀ ಇದು? ಬಸವರಾಜೇಶ್ವರಿ ಅಂದ್ರೆ ಇವ್ರೇ. ನಮ್ಮವ್ವ.”

ಮುಗಿಯಿತು, ಇಪ್ಪತ್ತಮೂರು ಮಕ್ಕಳ ತಲೆಯ ಮೇಲಿನ ಸೂರನ್ನು ನನ್ನ ಕೈಯಾರೆ ಕೆಡವಿದೆ ಎಂದುಕೊಂಡರು ಮುನಿತಾಯಮ್ಮ. ಫೋಟೋಗೆ ಹಾರ ಇತ್ತಲ್ಲ ಸಾರ್ ಎಂದೇನೋ ತೊದಲಿದರು. ಆ ಹಾರ ಟ್ರಸ್ಟಿನ ಉದ್ಘಾಟನೆಯ ದಿನ ಯಾರೋ ಅಭಿಮಾನಕ್ಕೆ ಹಾಕಿದ್ದಂತೆ, ಇದ್ದವರ ಫೋಟೋಗೆ ಹಾರ ಬೇಡ ಎಂದರೂ ಮಗ ತೆಗೆಸಲಿಲ್ಲವಂತೆ. ಮುದುಕಿ ಅದನ್ನು ಹೇಳಿ, ಬಗ್ಗಿ ಅಕ್ಷರಗಳ ಮೇಲೆ ಬೆರಳಾಡಿಸುತ್ತ ಪೂರಾ ಓದಿದರು. ಕೆತ್ತನೆ ಚೆನ್ನಾಗಿದೆ ಎಂದರು. ಮುನಿತಾಯಮ್ಮನಿಗೆ ನೆಲ ಬಾಯ್ಬಿಡಬಾರದೇ ಎನ್ನಿಸಿತು.

ಅರ್ಜಿಯನ್ನು ಮುಂದಿನ ವರ್ಷ ನೋಡಿದರಾಯಿತು ಎಂದು ಕರಿಬಸಪ್ಪ ಗಂಟುಮುಖ ಹಾಕಿಕೊಂಡು ಕಾರಿನ ಕಡೆ ಹೊರಟರು. ಮುನಿತಾಯಮ್ಮನ ಕಣ್ಣಲ್ಲಿ ನೀರು ತುಂಬಿತು. ಮುದುಕಿ ಮಾತ್ರ ಕದಲಲಿಲ್ಲ. ಶೀಟಿನ ತೂತಿನಿಂದ ಮಲಗಿದ್ದ ಮಗುವೊಂದರ ಮುಖದ ಮೇಲೆ ಬಿಸಿಲು ಬೀಳುತ್ತಿತ್ತು. ಅವರು ಅದಕ್ಕೆ ಅಡ್ಡವಾಗಿ ನಿಂತು ಮಗನನ್ನು ಕರೆದರು.

“ಮುಂದಿನ ವರ್ಷ ನಾ ಇರ್ತೀನೋ ಇಲ್ಲೋ ಯಾರಿಗೆ ಗೊತ್ತು ಕರಿಬಸಪ್ಪ? ಈ ಕಲ್ಲಿನ್ಯಾಗ ಬರೆದಿದ್ದು ಖರೆ ಆಗೋದ್ರೊಳಗ ಶೀಟು ಹಾಕಿಸು.”