ಗೌರಕ್ಕನ ಕೈಗೆ ಬಂದ ದೀಪ

ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಹೈಸ್ಕೂಲು ಮಕ್ಕಳಿಗೆ ವರ್ಷಗಟ್ಟಲೆ ವಿದ್ಯುತ್ತಿನ ಪಾಠ ಹೇಳಿದ ನನಗೆ, ನಮ್ಮ ಮನೆಯ ಒಂದೇ ಒಂದು ಬಲ್ಬು ಹೊತ್ತಿಸಲು ಒಂದೂವರೆ ವರ್ಷ ಹಿಡಿಯಿತು. ಬೋರ್ಡಿನ ಮೇಲೆ ಬರೆದ ವಿದ್ಯುತ್ತು ಹೇಳಿದಂತೆ ಕೇಳುತ್ತದೆ. ತಂತಿಯೊಳಗಿನದು ಹಾಗಲ್ಲ.

ಎಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ನ್ಯಾಮತಿಯಲ್ಲಿ ನಮ್ಮದು ಬಾಡಿಗೆ ಮನೆ. ಹೆಂಡತಿ ಸವಳಂಗದ ಶಾಲೆಯಲ್ಲಿ ಟೀಚರು. ಅವಳ ಬಸ್ಸು ಊರು ಸೇರುವಾಗ ಕತ್ತಲಾಗಿರುತ್ತಿತ್ತು. ನಾನೂ ಪಬ್ಲಿಕ್ ಪರೀಕ್ಷೆಯ ಮಕ್ಕಳಿಗೆ ಸಂಜೆ ಪಾಠ ಮುಗಿಸಿ ಬರಬೇಕು. ಮನೆಯಲ್ಲಿ ಇರುತ್ತಿದ್ದವಳು ನನ್ನ ಅಕ್ಕ ಗೌರಕ್ಕ ಒಬ್ಬಳೇ. ಸೊಂಟದ ಕೀಲು ಸವೆದು ಕೋಲು ಹಿಡಿದಿದ್ದಳು. ಅವಳ ಮಂಚ ಈ ಗೋಡೆಗೆ, ಸ್ವಿಚ್ಚು ಆ ಗೋಡೆಗೆ. ಒಂದು ಸಂಜೆ ನಾನು ಬಂದು ದೀಪ ಹಾಕಿದರೆ ಅಕ್ಕ ನಡುಮನೆಯ ನೆಲದ ಮೇಲೆ ಕೂತಿದ್ದಾಳೆ, ಮಣಿಕಟ್ಟು ಊದಿಕೊಂಡಿದೆ.

"ಎಷ್ಟೊತ್ತಿನಿಂದ ಹಿಂಗೆ ಕೂತಿದ್ದೀಯೇ?" ಎಂದೆ ಗಾಬರಿಯಿಂದ.

"ಕತ್ತಲಾಗ ಎಷ್ಟೊತ್ತು ಆತು ಅಂತ ಹೆಂಗೆ ಗೊತ್ತಾಗ್ತೈತೋ?" ಎಂದಳು.

ಮೂಳೆ ಬಿರುಕು ಬಿಟ್ಟಿತ್ತು. ಸ್ವಿಚ್ಚನ್ನು ಮಂಚದ ಹತ್ತಿರಕ್ಕೆ ತಂದರೆ ಮುಗಿಯಿತಲ್ಲ ಎಂದು ನೀವು ಕೇಳುತ್ತೀರಿ. ನಾನೂ ಮನೆ ಮಾಲೀಕರಾದ ಮಹೇಶ್ವರಪ್ಪನವರನ್ನು ಹಾಗೇ ಕೇಳಿದೆ. ಅವರು ಗೋಡೆಗೆ ಆಗತಾನೆ ಬಣ್ಣ ಬಳಿಸಿದ್ದರು. "ಮೇಷ್ಟ್ರೇ, ನೀವು ಏನಾರ ಮಾಡ್ರಿ, ಗೋಡಿಗೆ ಒಂದು ಮೊಳೆ ಮಾತ್ರ ಹೊಡೀಬ್ಯಾಡ್ರಿ" ಎಂದುಬಿಟ್ಟರು. ಮಧ್ಯಾಹ್ನವೇ ದೀಪ ಹಾಕಿಟ್ಟು ಹೋಗುತ್ತೇನೆಂದರೆ ಅಕ್ಕ ಒಪ್ಪಲಿಲ್ಲ. "ಹಗಲು ಹೊತ್ತು ದೀಪ ಉರಿಸ್ತಾರೇನೋ? ನೋಡಿದೋರು ಏನಂದಾರು?" ದೀಪದ ವಿಷಯದಲ್ಲಿ ನಮ್ಮ ಹಿರಿಯರು ಬಹಳ ಸೂಕ್ಷ್ಮ. ದೀಪ ಆರಿಸು ಎನ್ನಬಾರದು, ಶಾಂತ ಮಾಡು ಎನ್ನಬೇಕು. ಬೆಂಕಿಯ ದೀಪ ಹೋಗಿ ಗಾಜಿನ ಬುರುಡೆ ಬಂದರೂ ಆ ಮರ್ಯಾದೆ ಹೋಗಲಿಲ್ಲ. ನನ್ನ ಮನಶ್ಶಾಂತಿಯ ಬಗ್ಗೆ ಮಾತ್ರ ಯಾರಿಗೂ ಇಷ್ಟು ಕಾಳಜಿ ಇರಲಿಲ್ಲ.

ಕೊನೆಗೆ ತಂತಿಯಿಲ್ಲದ ಸ್ವಿಚ್ಚು ಮಾಡುವುದೆಂದು ತೀರ್ಮಾನಿಸಿದೆ. ಅಕ್ಕನ ಕೈಯಲ್ಲಿ ಗುಂಡಿಯಿರುವ ಪುಟ್ಟ ಡಬ್ಬಿ. ಅದು ರೇಡಿಯೋ ಅಲೆ ಕಳಿಸುತ್ತದೆ. ಬಲ್ಬಿನ ಹೋಲ್ಡರಿಗೇ ತೂಗುಬಿದ್ದ ಇನ್ನೊಂದು ಡಬ್ಬಿ ಅದನ್ನು ಹಿಡಿದು ದೀಪ ಹಾಕುತ್ತದೆ. ಮೊಳೆಯೂ ಬೇಡ, ಮಹೇಶ್ವರಪ್ಪನವರೂ ಬೇಡ. ಬೆಸುಗೆ ಹಾಕಿ ಬೆರಳು ಸುಟ್ಟುಕೊಂಡು ಮೂರು ತಿಂಗಳಲ್ಲಿ ಮುಗಿಸಿದೆ. ಅಕ್ಕ ಗುಂಡಿ ಒತ್ತಿದಳು, ದೀಪ ಹತ್ತಿತು. ನಾನು ಎದೆಯುಬ್ಬಿಸಿ ನಿಂತಿರುವಾಗಲೇ ಅದು ತಾನಾಗಿ ಆರಿತು. ಮತ್ತೆ ಹತ್ತಿತು. ಮತ್ತೆ ಆರಿತು. ಹೊರಗೆ ಮಹೇಶ್ವರಪ್ಪನವರು ತಮ್ಮ ಮೊಪೆಡ್ಡಿನ ಪೆಡಲು ತುಳಿಯುತ್ತಿದ್ದರು. ಅದರ ಪ್ಲಗ್ಗಿನ ಕಿಡಿಯೂ ರೇಡಿಯೋ ಅಲೆ ಎಬ್ಬಿಸುತ್ತದೆ. ಆ ಒಂದೊಂದು ಕಿಡಿಯನ್ನೂ ನನ್ನ ಡಬ್ಬಿ ಅಕ್ಕನ ಅಪ್ಪಣೆ ಎಂದು ತಿಳಿದು ಪಾಲಿಸುತ್ತಿತ್ತು! ಒಂದು ಮೊಳೆಗೆ ಅಡ್ಡಿ ಮಾಡಿದ ಮನುಷ್ಯ ಈಗ ಬೀದಿಯಲ್ಲಿ ನಿಂತೇ ನಮ್ಮ ಮನೆ ದೀಪ ಆಳತೊಡಗಿದ್ದರು.

ದಾವಣಗೆರೆಯ ಕಾಲೇಜೊಂದರಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುವ ಗೆಳೆಯ ರುದ್ರಮುನಿಯ ಹತ್ತಿರ ಗೋಳು ತೋಡಿಕೊಂಡೆ. "ನಿನ್ನ ಡಬ್ಬಿಗೆ ಕಿವಿ ಐತೆ, ಬುದ್ಧಿ ಇಲ್ಲ" ಎಂದ ಆತ ಮೈಕ್ರೋಕಂಟ್ರೋಲರ್ ಎಂಬ ಚಿಪ್ಪು ತೋರಿಸಿದ. ಜರಿಹುಳದಂತೆ ಕಾಲುಗಳು, ಬೆನ್ನ ಮೇಲೆ ಗಾಜಿನ ಕಿಂಡಿ. ಗುಂಡಿ ಒತ್ತಿದಾಗ ಒಂದು ಉದ್ದ, ಎರಡು ಗಿಡ್ಡ ಅಲೆ ಹೊರಡಬೇಕು. ಅದೇ ಲೆಕ್ಕದಲ್ಲಿ ಬಂದರೆ ಮಾತ್ರ ಚಿಪ್ಪು ದೀಪ ಹಾಕಬೇಕು. ಆ ಪಾಠವನ್ನು ಅದರೊಳಗೆ ತುಂಬಿಸಲು ಅವನಿಗೆ ರಜೆ, ನನಗೆ ಬಸ್ಸು, ಕಾಲೇಜಿಗೆ ಕರೆಂಟು, ಈ ಮೂರೂ ಒಂದೇ ದಿನ ಕೂಡಿ ಬರಬೇಕಿತ್ತು. ಐದನೆಯ ಪ್ರಯಾಣದಲ್ಲಿ ಕೂಡಿ ಬಂತು. ಕಿಂಡಿಯ ಮೇಲೆ ಕರಿ ಪಟ್ಟಿ ಅಂಟಿಸಿ ರುದ್ರಮುನಿ ಎಚ್ಚರಿಸಿದ: "ಇದನ್ನ ಕೀಳಬ್ಯಾಡ. ಬಿಸಿಲು ಬಿದ್ರೆ ಒಳಗಿಂದೆಲ್ಲ ಅಳಿಸಿ ಹೋಗ್ತೈತೆ."

ಆ ಮಾತನ್ನು ಮನೆಯಲ್ಲಿ ಹೇಳಬೇಕೆಂದು ನನಗೆ ಹೊಳೆಯಲಿಲ್ಲ. ಚಿಪ್ಪನ್ನು ಡಬ್ಬಿಗೆ ಸೇರಿಸುವ ಮೊದಲೇ ಉತ್ತರಪತ್ರಿಕೆ ತಿದ್ದಲು ಎರಡು ವಾರ ಶಿವಮೊಗ್ಗಕ್ಕೆ ಹೋಗಬೇಕಾಯಿತು. ಹಿಂತಿರುಗಿದಾಗ ಅಂಗಳದ ಮೊರದಲ್ಲಿ ಸಂಡಿಗೆ ಒಣಗುತ್ತಿತ್ತು. ಸಂಡಿಗೆಯ ನಡುವೆ ನನ್ನ ಚಿಪ್ಪು ಬೆನ್ನು ಮೇಲೆ ಮಾಡಿ ಮಲಗಿತ್ತು.

"ಅಂಟಂಟು ಆಗಿತ್ತಪ್ಪ" ಎಂದಳು ಅಕ್ಕ ಹೆಮ್ಮೆಯಿಂದ. "ಮೇಲಿನ ಕರಿ ಪಟ್ಟಿ ಕಿತ್ತು, ಸೆರಗಿನಾಗೆ ಒರೆಸಿ, ದಿನಾ ಬಿಸಿಲಿಗೆ ಇಟ್ಟೀನಿ. ಗರಿಗರಿ ಒಣಗೈತೆ ನೋಡು."

ನಾನು ಏನೇನು ಕೂಗಾಡಿದೆನೋ ಪೂರ್ತಿ ನೆನಪಿಲ್ಲ. ಅಕ್ಕ ಕೋಲೂರಿಕೊಂಡು ಒಳಗೆ ಹೋಗಿ ಮಂಚದ ಮೇಲೆ ಕೂತಳು. ಸಂಜೆಯಾಯಿತು, ಕತ್ತಲಾಯಿತು. ನಾನು ಮನೆಯಲ್ಲೇ ಇದ್ದೆ. ಆದರೂ ದೀಪ ಹಾಕು ಎಂದು ಅವಳು ಕರೆಯಲಿಲ್ಲ. ನಾನಾಗಿಯೇ ಹೋಗಿ ಸ್ವಿಚ್ಚು ಒತ್ತಿದಾಗ ಮೆಲ್ಲಗೆ ಹೇಳಿದಳು: "ನಿನಗೆ ಒಂದು ಕೆಲಸಾನಾದ್ರೂ ಹಗುರ ಮಾಡೋಣ ಅಂದ್ಕೊಂಡೆ ತಮ್ಮ." ಅವತ್ತು ನನ್ನ ವಿಜ್ಞಾನದ ಬಗ್ಗೆ ನನಗೆ ಆದಷ್ಟು ಬೇಸರ ಯಾವತ್ತೂ ಆಗಿಲ್ಲ. ಮರುದಿನವೇ ಮತ್ತೆ ದಾವಣಗೆರೆಯ ಬಸ್ಸು ಹತ್ತಿದೆ.

ಚಿಪ್ಪು ಎರಡನೆಯ ಸಲ ಪಾಠ ಕಲಿತು ಬಂತು, ಡಬ್ಬಿ ಸೇರಿತು. ಮೊಪೆಡ್ಡು ಎಷ್ಟು ಕೆಮ್ಮಿದರೂ ದೀಪ ಅಲುಗಲಿಲ್ಲ. ಅಕ್ಕ ಒತ್ತಿದಾಗ ಮಾತ್ರ ಹತ್ತಿತು. ಅವಳು ಹತ್ತಾರು ಸಲ ಹಾಕಿ ಶಾಂತ ಮಾಡಿ, ಹಾಕಿ ಶಾಂತ ಮಾಡಿ, ಡಬ್ಬಿಯನ್ನು ಎಲೆಅಡಿಕೆ ಚೀಲದಲ್ಲಿ ಇಳಿಸಿಕೊಂಡಳು. ಇಲ್ಲಿಗೆ ಕತೆ ಮುಗಿಯಿತೆಂದು ನಾನು ತಿಳಿದೆ.

ಒಂದು ಸಂಜೆ ನಮ್ಮ ಹೆಡ್‌ಮೇಷ್ಟ್ರು ಬಂದರು. ಒಳ್ಳೆಯವರೇ, ಆದರೆ ಕೂತರೆ ಏಳುವವರಲ್ಲ. ಜಗಳೂರಿನಲ್ಲಿ ತಾವು ಶಾಲೆಯೊಂದನ್ನು ಉದ್ಧಾರ ಮಾಡಿದ ಕತೆಯನ್ನು ಮೂರನೆಯ ಸಲ ಶುರು ಮಾಡಿದ್ದರು. ಫಕ್ಕನೆ ಕತ್ತಲಾಯಿತು.

"ಅಯ್ಯೋ, ಕರೆಂಟ್ ಹೋತಲ್ರೀ ಸಾರ್" ಎಂದಿತು ಮಂಚದ ಕಡೆಯ ದನಿ. "ನಮ್ಮೂರಾಗೆ ಹೋದ್ರೆ ಲಗೂನ ಬರಾದಿಲ್ಲ. ದಾರಿ ಕಾಣಂಗಿರೋವಾಗ್ಲೇ ಹೊಂಟುಬಿಡ್ರಿ."

ನಾನು ಟಾರ್ಚು ಹಿಡಿದು ಅವರನ್ನು ಬೀದಿಗೆ ಬಿಟ್ಟೆ. ಬೀದಿಯ ಮನೆ ಮನೆಯಲ್ಲೂ ದೀಪ ಉರಿಯುತ್ತಿತ್ತು. ಹೆಡ್‌ಮೇಷ್ಟ್ರು ಅದನ್ನೂ ನೋಡಿದರು, ನನ್ನನ್ನೂ ನೋಡಿದರು. "ಫ್ಯೂಸು ಸಾರ್" ಎಂದೆ. ಒಳಗೆ ಬಂದರೆ ದೀಪ ಹೊತ್ತಿದೆ. ಅಕ್ಕ ಎಲೆಗೆ ಸುಣ್ಣ ಸವರುತ್ತಿದ್ದಾಳೆ.

"ಇದಕ್ಕೇನಕ್ಕ ನಾನು ಇಷ್ಟೆಲ್ಲ ಒದ್ದಾಡಿದ್ದು?"

"ಹಾಕಾಕೆ ಅಷ್ಟೇ ಅಂತ ನೀನು ಹೇಳಿರಲಿಲ್ಲಲ್ಲ" ಎಂದಳು.

ಒಂದೂವರೆ ವರ್ಷ ನಾನು ಕೈಲಾಗದ ಅಕ್ಕನಿಗೆ ಬೆಳಕು ಕೊಡುತ್ತಿದ್ದೇನೆಂದೇ ನಂಬಿದ್ದೆ. ಕೊಟ್ಟದ್ದು ಬೆಳಕಲ್ಲ, ಅಧಿಕಾರ. ಅದನ್ನು ಕೊಟ್ಟ ಮೇಲೆ ಹೀಗೇ ಬಳಸು ಎಂದು ಹೇಳಲು ನಾನು ಯಾರು? ಟಾರ್ಚು ಪಕ್ಕಕ್ಕಿಟ್ಟು ಅಕ್ಕನ ಮಂಚದ ತುದಿಗೆ ಕೂತೆ. ಆಮೇಲೆ ದನಿ ತಗ್ಗಿಸಿ ಹೇಳಿದೆ:

"ಅಕ್ಕಾ, ನಾಳೆ ಸಂಜೆ ವಿಮೆ ಮಾಡಿಸೋರು ಬರ್ತಾರಂತೆ. ಅರ್ಧ ಗಂಟೆ ಆದಮೇಲೆ ಸ್ವಲ್ಪ ನೋಡ್ಕೊಳ್ಳೇ."