ಇಲ್ಲದ ಹೊಲದ ಅವರೆಕಾಯಿ

ಮೊನ್ನೆ ಎದುರುಮನೆಯ ಸೊಸೆ ಒಂದು ಬಟ್ಟೆ ಚೀಲದ ತುಂಬ ಅವರೆಕಾಯಿ ತಂದುಕೊಟ್ಟಳು. ಒಳ್ಳೆ ಸೊಗಡಿನ ಕಾಯಿ. ನನ್ನ ಹೆಂಡತಿ ಮೊರ ಇಟ್ಟುಕೊಂಡು ಬಿಡಿಸುತ್ತ ಕೂತಳು. ಆ ಸೊಗಡು ನಡುಮನೆಗೆಲ್ಲ ಹಬ್ಬುತ್ತಿದ್ದಂತೆ ನಾನು ಎದ್ದು ಜಗಲಿಗೆ ಹೋದೆ. ನಮ್ಮ ಕಡೆಯ ಜನಕ್ಕೆಲ್ಲ ಬಾಯಲ್ಲಿ ನೀರೂರಿಸುವ ವಾಸನೆ ಅದು. ನನಗೆ ಮಾತ್ರ ಎಷ್ಟೋ ವರ್ಷದಿಂದ ಹೇಸಿಗೆ. ಯಾಕೆ ಅನ್ನುವುದು ಹೆಂಡತಿಗೆ ಅರ್ಧ ಗೊತ್ತು. ಉಳಿದರ್ಧ ಇಲ್ಲಿ ಬರೆಯುತ್ತಿದ್ದೇನೆ.

ಹೈಸ್ಕೂಲು ಮುಗಿಸಿದ ಮೇಲೆ ನಾನು ಸೇರಿದ್ದು ರೇಷ್ಮೆ ನೂಲಿಗೆ ಹಾಕುವ ಬಣ್ಣದ ಪುಡಿ ಮಾರುವ ಕಂಪನಿಗೆ. ಸಾಸಲು ಕಡೆಯ ನಮ್ಮೂರಿನಿಂದ ದಿನಾ ಮೊಪೆಡ್ಡಿನಲ್ಲಿ ದೊಡ್ಡಬಳ್ಳಾಪುರಕ್ಕೆ ಹೋಗಿ, ನೂಲಿಗೆ ಬಣ್ಣ ಕಾಸುವ ಶೆಡ್ಡುಗಳನ್ನು ಸುತ್ತುವುದು ನನ್ನ ಕೆಲಸ. ನಮ್ಮ ಮ್ಯಾನೇಜರು ಪ್ರತಿ ತಿಂಗಳ ಮೀಟಿಂಗಿನಲ್ಲೂ ಒಂದೇ ಪಾಠ ಹೇಳುತ್ತಿದ್ದರು.

"ಪುಡಿ ಎಲ್ಲಾರೂ ಮಾರ್ತಾರೆ ಕಣ್ರಯ್ಯಾ. ನೀವು ಸಂಬಂಧ ಬೆಳೆಸಿ. ಸಾರ್, ಮೇಡಂ ಅನ್ನಬೇಡಿ. ಅಣ್ಣ ಅನ್ನಿ, ಅಕ್ಕ ಅನ್ನಿ. ಯಾರ ಮನೇಲಿ ಯಾರಿಗೆ ಹುಷಾರಿಲ್ಲ, ತಿಳ್ಕೊಂಡು ಹೋಗಿ."

ಆ ಪಾಠವನ್ನು ಎಲ್ಲರಿಗಿಂತ ಚೆನ್ನಾಗಿ ಕಲಿತವನು ನಾನೇ.

ಹಾಗೆ ನಾನು ಅಕ್ಕ ಅಂತ ಕರೆದವರಲ್ಲಿ ಒಬ್ಬರು, ಗಂಡ ಹೋದ ಮೇಲೆ ಒಬ್ಬರೇ ಶೆಡ್ಡು ನಡೆಸುತ್ತಿದ್ದ ಹೆಂಗಸು. ಮೊಣಕೈವರೆಗೂ ಬಣ್ಣ ಹತ್ತಿದ ಕೈಗಳು... ಒಂದು ದಿನ ನೀಲಿ, ಒಂದು ದಿನ ಅರಿಶಿನ. ಹೊಸ ಡಬ್ಬ ಒಡೆದಾಗಲೆಲ್ಲ ಮೊದಲು ಒಂದು ಲಡಿ ನೂಲಿಗೆ ಬಣ್ಣ ಕಾಸಿ, ಮೂರು ಸಲ ಒಗೆದು, ಬಿಳಿ ಬಟ್ಟೆಯಲ್ಲಿ ಹಿಂಡಿ ನೋಡುತ್ತಿದ್ದರು. ಬಟ್ಟೆಗೆ ಬಣ್ಣ ಹತ್ತಿತೋ, ಡಬ್ಬ ವಾಪಸ್. ಅವರ ಶೆಡ್ಡಿನ ನೂಲು ಅಂದರೆ ನೇಕಾರರು ಕಣ್ಣು ಮುಚ್ಚಿ ಮಗ್ಗಕ್ಕೆ ಏರಿಸುತ್ತಿದ್ದರು.

ಒಂದು ವರ್ಷ ಅವರೆಕಾಯಿ ಕಾಲದಲ್ಲಿ ನೆಲಮಂಗಲದ ಸಂತೆಯಲ್ಲಿ ಕೊಂಡ ಕಾಯಿಯನ್ನು ಒಂದು ಚೀಲದಲ್ಲಿ ಅವರಿಗೆ ಕೊಟ್ಟೆ.

"ಯಾರ ಹೊಲದ್ದಪ್ಪಾ?" ಅಂದರು.

"ನಮ್ದೇ ಕಣಕ್ಕ. ಬೆಳಿಗ್ಗೆ ನಮ್ಮಮ್ಮ ಕಿತ್ತುಕೊಟ್ರು."

ನಮ್ಮಮ್ಮ ತೀರಿಕೊಂಡು ಆಗಲೇ ಹನ್ನೆರಡು ವರ್ಷವಾಗಿತ್ತು. ಅವಳ ಮೊದಲ ವರ್ಷದ ತಿಥಿಗೂ ಮುಂಚೆ ಹೊಲ ಮಾರಿದ್ದೆವು.

ಖಾಲಿ ಚೀಲ ವಾಪಸ್ ಕೊಡುವ ಪದ್ಧತಿ ಅವರಲ್ಲಿರಲಿಲ್ಲ. ಮುಂದಿನ ವಾರ ಅದೇ ಚೀಲದಲ್ಲಿ ಅರಿಶಿನ, ಕುಂಕುಮ, ಒಂದು ಡಜನ್ ಬಳೆ. "ಅಮ್ಮಂಗೆ ಕೊಡು" ಅಂದರು. ಮರುವರ್ಷ ನಾನು ಇನ್ನೂ ಜಾಣನಾಗಿದ್ದೆ. ಸಂತೆ ಕಾಯಿಗೆ ಒಂದಿಷ್ಟು ಮಣ್ಣು ಉಜ್ಜಿ, ನಾಲ್ಕು ಎಲೆ ಬೆರೆಸಿ, ಈಗ ತಾನೇ ಕಿತ್ತ ಹಾಗೆ ಮಾಡಿ ಒಯ್ದೆ. ಆ ಸಲ ಚೀಲದಲ್ಲಿ ಗಿಣಿಹಸಿರು ಸೀರೆ ಬಂತು. ಅದರ ನೂಲಿಗೆ ಅವರೇ ಬಣ್ಣ ಕಾಸಿದ್ದರು. ಸೀರೆ ನನ್ನ ಹೆಂಡತಿ ಉಟ್ಟಳು. ಗಿರಾಕಿ ಕೊಟ್ಟಿದ್ದು ಅಂದಿದ್ದೆ, ಅಷ್ಟೇ.

ಇದನ್ನು ಮೀಟಿಂಗಿನಲ್ಲಿ ಹೇಳಿಕೊಂಡೆ. ಮ್ಯಾನೇಜರು ಬೆನ್ನು ತಟ್ಟಿದರು. ಜೊತೆಯವನೊಬ್ಬ, "ಲೇ, ಸತ್ತ ತಾಯಿ ಕೈಲೂ ಸೇಲ್ಸ್ ಮಾಡಿಸ್ತೀಯಲ್ಲೋ ಗುರು!" ಅಂದ. ಎಲ್ಲರೂ ಮೇಜು ಬಡಿದು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು. ಆ ನಗು ಈಗಲೂ ಕಿವಿಯಲ್ಲಿ...

ಐದನೆಯ ವರ್ಷ ಕಂಪನಿಗೆ ಕೆಂಪು ಪುಡಿಯ ಒಂದಷ್ಟು ಡಬ್ಬ ಬೇರೆ ಊರಿಂದ ವಾಪಸ್ ಬಂದವು. ಬಣ್ಣ ನಿಲ್ಲುವುದಿಲ್ಲ ಅಂತ ಎಲ್ಲರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಮುಂದೆ ಲಗ್ನದ ಕಾಲ, ಕೆಂಪಿಗೆ ಬೇಡಿಕೆ. "ನಿಮ್ಮಕ್ಕನ ಹತ್ರ ದಾಟಿಸು" ಅಂದರು ಮ್ಯಾನೇಜರು.

ಅವರೆಕಾಯಿ ಚೀಲದ ಜೊತೆಗೆ ಡಬ್ಬಗಳನ್ನೂ ಇಳಿಸಿದೆ. ಅಕ್ಕ ಎಂದಿನಂತೆ ಪರೀಕ್ಷೆಗೆ ಒಂದು ಲಡಿ ಎತ್ತಿಕೊಂಡರು. ಒಗೆದರೆ ಗೊತ್ತಾಗಿಬಿಡುತ್ತೆ ಅನ್ನುವ ಗಾಬರಿಗೆ ನನ್ನ ಬಾಯಿಂದ ಬಂತು, "ಅಕ್ಕಾ, ನಮ್ಮಮ್ಮನಾಣೆ, ಈ ಬಣ್ಣ ಹೋಗಲ್ಲ."

ಅವರ ಕೈ ನಿಂತುಹೋಯಿತು.

"ಥೂ, ಅಂಥ ಮಾತು ಯಾಕಪ್ಪಾ ಆಡ್ತೀಯ? ಪುಡಿ ಮಾರಕ್ಕೆ ಹೆತ್ತವಳ ಮೇಲೆ ಆಣೆ ಇಡ್ತಾರಾ?" ಅಂದು ಲಡಿಯನ್ನು ಕೆಳಗಿಟ್ಟರು. "ಇನ್ನು ನಾನು ಪರೀಕ್ಷೆ ಮಾಡಿದ್ರೆ ಆ ತಾಯಿಗೆ ಅವಮಾನ."

ಅವರಿಗೆ ಅದು ಒಬ್ಬ ತಾಯಿಯ ಆಯುಸ್ಸಿನ ಮಾತು. ನನಗೆ ಏನೂ ಖರ್ಚಿರಲಿಲ್ಲ. ಸತ್ತವಳು ಇನ್ನೊಮ್ಮೆ ಸಾಯುವಳೇ?

ಎರಡು ತಿಂಗಳಲ್ಲಿ ಸೀರೆಗಳು ವಾಪಸ್ ಬರತೊಡಗಿದವು. ಅಂಚಿನ ಕೆಂಪು ಹಾಲುಬಣ್ಣದ ಒಡಲಿಗೆಲ್ಲ ಹರಡಿತ್ತು. ಮದುವೆಮನೆಯವರು ಅಂಗಡಿಯವರನ್ನು ಬೈದರು, ಅಂಗಡಿಯವರು ನೇಕಾರರನ್ನು, ನೇಕಾರರು ಅಕ್ಕನನ್ನು. ಕಣ್ಣು ಮುಚ್ಚಿ ನೂಲು ಏರಿಸುತ್ತಿದ್ದವರು ಶೆಡ್ಡಿನ ಬೀದಿಗೇ ಬರುವುದನ್ನು ಬಿಟ್ಟರು. ನಾನೂ ಬಿಟ್ಟೆ.

ಒಂದು ಭಾನುವಾರ ಬೆಳಿಗ್ಗೆ ಬಚ್ಚಲಲ್ಲಿ ಮುಖ ತೊಳೆಯುತ್ತಿದ್ದೆ. ಬಾಗಿಲಲ್ಲಿ ಅಕ್ಕನ ದನಿ ಕೇಳಿಸಿತು. ಬಸ್ಸಿಳಿದು, ಮನೆ ಕೇಳಿಕೊಂಡು ನಡೆದು ಬಂದಿದ್ದರು. ಜಗಳಕ್ಕೆ ಬಂದರು ಅಂದುಕೊಂಡು ಒಳಗೇ ನಿಂತೆ.

"ನಿಮ್ಮತ್ತೆ ಹೆಂಗವ್ರೆ ತಾಯಿ? ನಿನ್ನ ಗಂಡ ಅವರ ಮೇಲೆ ಆಣೆ ಇಟ್ಬಿಟ್ಟಿದ್ದ. ಪಾಪ, ಅವನಿಗೂ ಕಂಪನಿಯೋರು ಮೋಸ ಮಾಡಿರ್ಬೇಕು. ಆದ್ರೂ ಆಣೆ ಆಣೆನೇ. ನನ್ನ ಶೆಡ್ಡಲ್ಲಿ ಇಟ್ಟ ಆಣೆ ಸುಳ್ಳಾಯ್ತು, ಅವರಿಗೆ ಏನಾದ್ರೂ ಆದೀತು ಅಂತ ನಂಗೆ ನಿದ್ದೆನೇ ಬರ್ಲಿಲ್ಲ. ಅವರ ಕಾಲಿಗೆ ಬಿದ್ದು ತಪ್ಪಾಯ್ತು ಅಂದು ಹೋಗೋಣ ಅಂತ ಬಂದೆ."

ನನ್ನ ಹೆಂಡತಿಗೆ ಏನೂ ಅರ್ಥವಾಗಲಿಲ್ಲ. ಅವಳು ಉಟ್ಟಿದ್ದು ಅದೇ ಗಿಣಿಹಸಿರು ಸೀರೆ. "ನಮ್ಮತ್ತೇನಾ? ನಾನು ಈ ಮನೆಗೆ ಬರೋ ಹೊತ್ತಿಗೇ ಹೋಗ್ಬಿಟ್ಟಿದ್ರಲ್ಲಕ್ಕಾ..." ಅಂದು ಗೋಡೆಯ ಫೋಟೋ ತೋರಿಸಿದಳು.

ನಾನು ಹೊರಗೆ ಬಂದೆ. ಅಕ್ಕ ನನ್ನ ಕಡೆ ನೋಡಲಿಲ್ಲ. ಫೋಟೋ ನೋಡಿದರು, ಸೀರೆ ನೋಡಿದರು. ಕೈಯಲ್ಲಿದ್ದ ಚೀಲ ನನ್ನದೇ, ಅವರೆಕಾಯಿ ಕೊಟ್ಟ ಚೀಲ. ಅದರಿಂದ ಬಾಳೆಹಣ್ಣಿನ ಚಿಪ್ಪು ತೆಗೆದರು. ಹಲ್ಲಿಲ್ಲದ ಮುದುಕಿಗೆ ಅಂತ ಚೆನ್ನಾಗಿ ಕಳಿತದ್ದನ್ನೇ ಆರಿಸಿ ತಂದಿದ್ದರು. ಫೋಟೋದ ಮುಂದಿಟ್ಟು ನೆಲಕ್ಕೆ ಹಣೆ ಮುಟ್ಟಿಸಿದರು. ಆಮೇಲೆ ಚೀಲವನ್ನು ಕೊಡವಿ, ಮಡಿಸಿ, ಖಾಲಿ ಚೀಲವನ್ನೇ ನನ್ನ ಕೈಗಿಟ್ಟರು.

"ಹಣ್ಣು ಅವರಿಗೆ ತಂದಿದ್ದು. ನೀನು ತಿನ್ಬೇಡ."

ನೀರೂ ಕುಡಿಯದೆ ಹೊರಟುಹೋದರು. ಆ ವರ್ಷವೇ ಶೆಡ್ಡು ಮುಚ್ಚಿತು. ನನಗೆ ಬಡ್ತಿ ಸಿಕ್ಕಿತು. ಹೊಸ ಹುಡುಗರಿಗೆ ಗಿರಾಕಿಯ ಹತ್ತಿರ ಹೇಗೆ ಮಾತಾಡಬೇಕು ಅಂತ ಕಲಿಸುವ ಕೆಲಸ. ಕಲಿಸಿದೆ ಕೂಡ, ರಿಟೈರಾಗುವವರೆಗೂ. ಈಗ ಯಾವುದೋ ಕಂಪನಿಯ ಹುಡುಗಿ ಫೋನು ಮಾಡಿ "ಅಪ್ಪಾಜಿ, ತಿಂಡಿ ಆಯ್ತಾ?" ಅಂದರೆ ಮೈಯೆಲ್ಲ ಉರಿಯುತ್ತದೆ. ಆ ದನಿಯಲ್ಲಿ ನಾನೇ ಕೇಳಿಸುತ್ತೇನೆ.

ಹೋದ ವರ್ಷ ಧೈರ್ಯ ಮಾಡಿ ಆ ಬೀದಿಗೆ ಹೋಗಿದ್ದೆ. ಶೆಡ್ಡಿದ್ದ ಜಾಗದಲ್ಲಿ ಟೈಲ್ಸ್ ಗೋಡೌನು. ಅಕ್ಕ ಹೋಗಿ ಆರು ವರ್ಷವಾಯಿತು ಅಂತ ಪಕ್ಕದ ಟೀ ಅಂಗಡಿಯವನು ಹೇಳಿದ. ತಪ್ಪಾಯಿತು ಅನ್ನುವುದಕ್ಕೆ ಇನ್ನು ಯಾರೂ ಉಳಿದಿಲ್ಲ...

ಮೊನ್ನೆ ಸಂಜೆ ಹೆಂಡತಿ ಎದುರುಮನೆಯ ಚೀಲಕ್ಕೆ ಎರಡು ತೆಂಗಿನಕಾಯಿ ಹಾಕಿ, ಕೊಟ್ಟು ಬನ್ನಿ ಅಂದಳು. ಒಯ್ದು ಕೊಟ್ಟೆ.

"ಅವರೆಕಾಳು ಸಾರು ಹೆಂಗಿತ್ತು ತಾತ?" ಅಂದಳು ಆ ಮನೆಯ ಸೊಸೆ.

ನಾನು ಯೋಚಿಸುವುದಕ್ಕೂ ಮುಂಚೆ ನನ್ನ ನಾಲಿಗೆ ಹೇಳಿಬಿಟ್ಟಿತು. "ಬಹಳ ಚೆನ್ನಾಗಿತ್ತು ಕಣವ್ವಾ. ನಮ್ಮಮ್ಮ ಮಾಡ್ತಿದ್ದ ಹಂಗೇ ಇತ್ತು."

ಒಂದು ಕಾಳನ್ನೂ ನಾನು ಬಾಯಿಗೆ ಹಾಕಿರಲಿಲ್ಲ.